ಊರನ್ನು ಕೊನೆಗೆ ಆರಿಸಿ: ನಡಿಗೆ ಅಥವಾ ಸೈಕಲ್ ರಜೆಗೆ ತಯಾರಿ

ರಜೆಗೆ ಹೊರಡುವಾಗ ನಾವು ಮೊದಲು ಮಾಡುವ ಕೆಲಸ ಊರು ಆರಿಸುವುದು. ಯಾರದೋ ರೀಲ್‌ನಲ್ಲಿ ಕುಮಾರ ಪರ್ವತದ ಮಂಜು ಕಾಣಿಸುತ್ತದೆ. ಗ್ರೂಪಿಗೆ ಲಿಂಕ್ ಬೀಳುತ್ತದೆ. ಸಂಜೆಯೊಳಗೆ ಎಂಟು ಜನ ಹೂಂ ಅಂದಿರುತ್ತಾರೆ. ಯಾರಿಗೆ ಎಷ್ಟು ನಡೆಯಲು ಆಗುತ್ತದೆ ಎಂಬ ಮಾತು ಬರುವುದು ಅರ್ಧ ಬೆಟ್ಟ ಹತ್ತಿದ ಮೇಲೆ!

ಕಾರಿನಲ್ಲಿ ಹೋಗುವುದಾದರೆ ಈ ಕ್ರಮ ಹೇಗೋ ನಡೆಯುತ್ತದೆ. ನಡೆದು ಅಥವಾ ಸೈಕಲ್ ತುಳಿದು ಹೋಗುವ ರಜೆಗೆ ಇದನ್ನು ತಿರುಗಿಸಬೇಕು. ಮೊದಲು ನಿಮ್ಮ ದಿನದ ಅಳತೆ, ಆಮೇಲೆ ಜೊತೆ, ಆಮೇಲೆ ತಿಂಗಳು, ಆಮೇಲೆ ರಾತ್ರಿ ತಂಗುವ ಜಾಗ. ಇಷ್ಟು ಗೊತ್ತಾದರೆ ಊರು ತಾನಾಗಿಯೇ ಗೊತ್ತಾಗುತ್ತದೆ.

ನಡಿಗೆ ನಮಗೆ ಹೊಸದೇನಲ್ಲ. ಶಿವರಾತ್ರಿ ಬಂತೆಂದರೆ ಬೆಂಗಳೂರು, ಹಾಸನದ ಕಡೆಯವರು ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆಯುತ್ತಾರೆ. ಯುಗಾದಿಯ ಹೊತ್ತಿಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಮಂದಿ ಶ್ರೀಶೈಲದ ದಾರಿ ಹಿಡಿಯುತ್ತಾರೆ. ಅವರಲ್ಲಿ ಜಿಮ್ ಮುಖ ನೋಡದವರೇ ಜಾಸ್ತಿ. ಆದರೆ ನಸುಕಿನಲ್ಲೇ ಹೊರಡಬೇಕು, ಬಿಸಿಲೇರಿದ ಮೇಲೆ ನೆರಳು ಹಿಡಿಯಬೇಕು, ಸಂಜೆ ಮತ್ತೆ ಹೆಜ್ಜೆ ಹಾಕಬೇಕು, ಹೊರೆ ಕಡಿಮೆ ಇರಬೇಕು ಎಂಬುದು ಅವರಿಗೆ ಗೊತ್ತು. ದುಬಾರಿ ಶೂ ಕೊಳ್ಳುವ ಮೊದಲು ಪಾದಯಾತ್ರೆ ಮಾಡಿದ ಒಬ್ಬರ ಹತ್ತಿರ ಅರ್ಧ ಗಂಟೆ ಮಾತಾಡಿ ನೋಡಿ.

ಎರಡು ದಿನದ ಪರೀಕ್ಷೆ

"ನಾನು ಹತ್ತು ಕಿಲೋಮೀಟರ್ ಆರಾಮಾಗಿ ನಡೀತೀನಿ" ಎನ್ನುವವರು ಬಹಳ. ಒಂದು ದಿನ ನಡೆಯುವುದು ಬೇರೆ. ಮರುದಿನ ಬೆಳಿಗ್ಗೆ ಎದ್ದು ಮತ್ತೆ ಅಷ್ಟೇ ನಡೆಯುವುದು ಬೇರೆ. ರಜೆಯಲ್ಲಿ ಬೇಕಾಗುವುದು ಎರಡನೆಯದು.

ಹಾಗಾಗಿ ಹೊರಡುವ ದಿನಕ್ಕೆ ಆರೇಳು ವಾರ ಇರುವಾಗ ಒಂದು ಶನಿವಾರ, ಭಾನುವಾರ ಹಿಡಿಯಿರಿ. ಶನಿವಾರ ರಜೆಯಲ್ಲಿ ಹೊರುವ ಚೀಲವನ್ನೇ ಬೆನ್ನಿಗೆ ಹಾಕಿಕೊಂಡು 12 ಕಿ.ಮೀ. ನಡೆಯಿರಿ. ಸೈಕಲ್ ಆದರೆ 40 ಕಿ.ಮೀ. ತುಳಿಯಿರಿ. ಭಾನುವಾರ ಅದನ್ನೇ ಮತ್ತೆ ಮಾಡಿ. ಭಾನುವಾರದ ಕೊನೆಗೂ ಮಾತಾಡುವ ಉತ್ಸಾಹ ಉಳಿದಿದ್ದರೆ ಅದೇ ನಿಮ್ಮ ಅಳತೆ. ಮಧ್ಯದಲ್ಲೇ ಮಂಡಿ ಹಿಡಿದುಕೊಂಡಿತು ಅಂದರೆ ಮೂರನೇ ಒಂದು ಭಾಗ ಕಡಿಮೆ ಮಾಡಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ದಿನಕ್ಕೆ 7 ಕಿ.ಮೀ. ನಡೆಯುವವರಿಗೂ ಒಳ್ಳೆಯ ರಜೆ ಕರ್ನಾಟಕದಲ್ಲಿ ಬೇಕಾದಷ್ಟಿದೆ.

ಮೈಸೂರಿನವರಿಗೆ ಈ ಪರೀಕ್ಷೆಗೆ ಚಾಮುಂಡಿ ಬೆಟ್ಟದ ಮೆಟ್ಟಿಲಿಗಿಂತ ಒಳ್ಳೆಯ ಜಾಗ ಬೇಡ. ಸಾವಿರದಷ್ಟು ಮೆಟ್ಟಿಲು, ದಾರಿಯಲ್ಲಿ ನಂದಿಯ ಹತ್ತಿರ ಕೂರಲು ಜಾಗ. ಹತ್ತುವಾಗ ಏದುಸಿರು ಬರುವುದು ಸಹಜ, ಅದು ಲೆಕ್ಕಕ್ಕಿಲ್ಲ. ಇಳಿದ ಮರುದಿನ ತೊಡೆ, ಮಂಡಿ ಏನು ಹೇಳುತ್ತವೆ ನೋಡಿ. ಬೆಟ್ಟದಲ್ಲಿ ಮಂಡಿಯನ್ನು ಕಾಡುವುದು ಹೆಚ್ಚಾಗಿ ಇಳಿಜಾರು. ಬೆಂಗಳೂರಿನ ಸೈಕಲ್ ಮಂದಿಗೆ ನಂದಿ ಬೆಟ್ಟ ಇದ್ದೇ ಇದೆ. ಆದರೆ ನಂದಿ ಹತ್ತಲು ಆಗದಿದ್ದರೆ ಸೈಕಲ್ ರಜೆಯೇ ಬೇಡ ಅಂದುಕೊಳ್ಳಬೇಡಿ. ಕರಾವಳಿಯ ದಾರಿಗೂ ಬಯಲುಸೀಮೆಯ ದಾರಿಗೂ ಅಂಥ ಏರು ಇಲ್ಲ.

ಬಿಪಿ, ಶುಗರ್, ಹೃದಯದ ತೊಂದರೆ ಇರುವವರು ಈ ಹಂತದಲ್ಲೇ ವೈದ್ಯರನ್ನು ಕೇಳಿ. ಟಿಕೆಟ್ ಬುಕ್ ಆದ ಮೇಲೆ ಕೇಳಿದರೆ ಅವರ ಮಾತು ಕಿವಿಗೆ ಇಳಿಯುವುದಿಲ್ಲ.

ಕಿಲೋಮೀಟರ್ ನೋಡಬೇಡಿ, ಏರು ನೋಡಿ

ಮುಳ್ಳಯ್ಯನಗಿರಿ ನಮ್ಮ ರಾಜ್ಯದ ಅತಿ ಎತ್ತರದ ಶಿಖರ, ಸುಮಾರು 1,930 ಮೀಟರ್. ಕುಮಾರ ಪರ್ವತ 1,712 ಮೀಟರ್. ಅಂಕಿ ನೋಡಿದರೆ ಮುಳ್ಳಯ್ಯನಗಿರಿಯೇ ಕಷ್ಟ ಅನ್ನಿಸಬೇಕು, ಅಲ್ವಾ? ಆದರೆ ಅಲ್ಲಿ ರಸ್ತೆ ತುದಿಯ ಹತ್ತಿರದವರೆಗೂ ಹೋಗುತ್ತದೆ. ಕೊನೆಯ ಮೆಟ್ಟಿಲುಗಳನ್ನಷ್ಟೇ ಹತ್ತಿದರೆ ಸಾಕು, ಅಜ್ಜಿಯರೂ ನಿಧಾನಕ್ಕೆ ಹತ್ತುತ್ತಾರೆ. ಕುಮಾರ ಪರ್ವತದ ದಾರಿ ಶುರುವಾಗುವ ಕುಕ್ಕೆ ಸುಬ್ರಹ್ಮಣ್ಯ ಇರುವುದು ಘಟ್ಟದ ಬುಡದಲ್ಲಿ. ಅಲ್ಲಿಂದ ತುದಿಗೆ ಸುಮಾರು 13 ಕಿ.ಮೀ., ಏರು 1,500 ಮೀಟರಿಗೂ ಜಾಸ್ತಿ. ಹೊರಡುವ ಜಾಗದಿಂದ ಎಷ್ಟು ಏರಬೇಕು ಎಂಬುದೊಂದೇ ಇಲ್ಲಿ ಲೆಕ್ಕ.

ಈ ಲೆಕ್ಕಕ್ಕೆ ಒಂದು ಹಳೆಯ ಸೂತ್ರ ಇದೆ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ್ದು. ಪ್ರತಿ 5 ಕಿ.ಮೀ.ಗೆ ಒಂದು ಗಂಟೆ ಹಿಡಿಯಿರಿ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಸೇರಿಸಿ. ಕುಮಾರ ಪರ್ವತಕ್ಕೆ ಹಾಕಿ ನೋಡಿದರೆ ದೂರಕ್ಕೆ ಎರಡೂವರೆ ಗಂಟೆ, ಏರಿಗೆ ಎರಡೂವರೆ ಗಂಟೆ, ಒಟ್ಟು ಐದು. ಆದರೆ ಇದು ತಂಪು ದೇಶದ, ಬೆಟ್ಟ ಹತ್ತಿ ರೂಢಿ ಇದ್ದವರ ಲೆಕ್ಕ. ನಮ್ಮ ಸೆಕೆಗೆ, ಚೀಲದ ಭಾರಕ್ಕೆ, ಫೋಟೋ ತೆಗೆಯಲು ನಿಲ್ಲುವುದಕ್ಕೆ ಒಂದೂವರೆ ಪಟ್ಟು ಮಾಡಿಕೊಳ್ಳಿ. ಏಳೂವರೆ ಗಂಟೆ, ಹತ್ತುವುದಕ್ಕೆ ಮಾತ್ರ. ಇಳಿಯುವುದಕ್ಕೆ ಇನ್ನೈದು. ಇದನ್ನು ಕಾಗದದ ಮೇಲೆ ಬರೆದು ಗ್ರೂಪಿಗೆ ಹಾಕಿದರೆ ಹೂಂ ಅಂದ ಎಂಟು ಜನರಲ್ಲಿ ನಾಲ್ಕು ಜನ ಅಲ್ಲೇ ಹಿಂದೆ ಸರಿಯುತ್ತಾರೆ. ಒಳ್ಳೆಯದೇ ಆಯಿತು.

ಸೈಕಲ್‌ಗೆ ನನ್ನ ಲೆಕ್ಕ ಇನ್ನೂ ಸರಳ. ಗೇರ್ ಇಲ್ಲದ ಸೈಕಲ್ಲಿಗೆ ಗಂಟೆಗೆ 12 ಕಿ.ಮೀ., ಗೇರ್ ಇದ್ದರೆ 15. ಎಳನೀರು, ತಿಂಡಿ, ದೇವಸ್ಥಾನ ಎಲ್ಲ ಸೇರಿ ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ತುಳಿಯುವ ಯೋಜನೆ ಹಾಕಬೇಡಿ. ಅಂದರೆ 45ರಿಂದ 60 ಕಿ.ಮೀ. ನೂರು ಕಿ.ಮೀ. ತುಳಿಯುವವರು ಇದ್ದಾರೆ. ಅವರು ಮಾಡುವುದು ಸೈಕಲ್ ಸವಾರಿ, ರಜೆ ಅಲ್ಲ.

ಊರವರನ್ನು ದೂರ ಕೇಳುವಾಗಲೂ ಸ್ವಲ್ಪ ಜಾಣತನ ಬೇಕು. "ಇಲ್ಲೇ ಹತ್ರ" ಅಂದರೆ ಮಲೆನಾಡಿನಲ್ಲಿ ಅರ್ಧ ಕಿಲೋಮೀಟರೂ ಆಗಬಹುದು, ಐದೂ ಆಗಬಹುದು. "ನಡೆದರೆ ಎಷ್ಟು ಹೊತ್ತು?" ಎಂದು ಕೇಳಿ, ಬಂದ ಉತ್ತರಕ್ಕೆ ಅರ್ಧ ಸೇರಿಸಿ. ಅವರ ಕಾಲಿನ ವೇಗ ನಮಗಿಲ್ಲ.

ಯಾರ ಜೊತೆ

ಗುಂಪಿನ ಅಳತೆ ಅಂದರೆ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ಇರುವವರ ಅಳತೆ. ಸರಾಸರಿ ತೆಗೆಯುವ ಹಾಗಿಲ್ಲ. ಮಾವ 8 ಕಿ.ಮೀ. ನಡೆಯುತ್ತಾರೆ, ಮಗಳು 20 ನಡೆಯುತ್ತಾಳೆ ಅಂದರೆ ಗುಂಪಿನ ದಿನ 8 ಕಿ.ಮೀ. ಮಗಳಿಗೆ ಸಂಜೆ ಬೇರೆ ಗುಡ್ಡ ತೋರಿಸಿ. ಮೂರರಿಂದ ಆರು ಜನ ಚೆಂದ. ಅದಕ್ಕಿಂತ ಹೆಚ್ಚಾದರೆ ಹೋಟೆಲಿನಲ್ಲಿ ದೋಸೆಗೆ ಕಾಯುವುದರಲ್ಲೇ ಬೆಳಗಿನ ತಂಪು ಕಳೆದುಹೋಗುತ್ತದೆ.

ಶುಕ್ರವಾರ ರಾತ್ರಿ ಟೆಂಪೋದಲ್ಲಿ ಹೊರಟು, ನಿದ್ದೆ ಇಲ್ಲದೆ ಶನಿವಾರ ಬೆಟ್ಟ ಹತ್ತಿಸಿ, ಭಾನುವಾರ ರಾತ್ರಿ ವಾಪಸ್ ಬಿಡುವ ಪ್ಯಾಕೇಜುಗಳಿವೆಯಲ್ಲ, ಅವು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಅಗ್ಗ ಹೌದು. ಮೊದಲ ಸಲ ಒಬ್ಬರೇ ಹೋಗಲು ಅಂಜುವವರಿಗೆ ಅನುಕೂಲವೂ ಹೌದು. ಆದರೆ ಮೂವತ್ತು ಜನರ ಸಾಲಿನಲ್ಲಿ ನಿಮ್ಮ ವೇಗವನ್ನು ಬೇರೆಯವರು ನಿರ್ಧರಿಸುತ್ತಾರೆ. ಹೋಗಲೇಬೇಕಿದ್ದರೆ ಗುಂಪಿನಲ್ಲಿ ಎಷ್ಟು ಜನ, ಹಿಂದೆ ಉಳಿದವರ ಜೊತೆ ಯಾರು ಇರುತ್ತಾರೆ, ಅರ್ಧಕ್ಕೆ ಇಳಿದರೆ ಏನು ವ್ಯವಸ್ಥೆ ಎಂದು ದುಡ್ಡು ಕಟ್ಟುವ ಮೊದಲು ಕೇಳಿ.

ಯಾವ ತಿಂಗಳು

ನವೆಂಬರ್‌ನಿಂದ ಫೆಬ್ರವರಿ ಮಧ್ಯದವರೆಗೆ ಕರ್ನಾಟಕದ ಎಲ್ಲ ಕಡೆ ನಡೆಯಬಹುದು, ಸೈಕಲ್ ತುಳಿಯಬಹುದು. ಉಳಿದ ತಿಂಗಳುಗಳಲ್ಲಿ ಜಾಗ ನೋಡಿ ಹೋಗಬೇಕು.

ಮಳೆಗಾಲದಲ್ಲಿ ಘಟ್ಟ ಚೆಂದ ಹೌದು. ಆದರೆ ಆಗುಂಬೆಯಂಥ ಕಡೆ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಳ್ಳ ಉಕ್ಕುತ್ತದೆ, ಬಂಡೆ ಜಾರುತ್ತದೆ, ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುತ್ತದೆ. ಇಂಬಳ ಬೇರೆ. ಇಂಬಳಕ್ಕೆ ಹೆದರಬೇಕಿಲ್ಲ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಒಂದು ಬಟ್ಟೆಯಲ್ಲಿ ಉಪ್ಪು ಕಟ್ಟಿಟ್ಟುಕೊಳ್ಳಿ, ಹತ್ತಿದ್ದಕ್ಕೆ ಅದನ್ನು ಮುಟ್ಟಿಸಿದರೆ ಉದುರುತ್ತದೆ. ಮಳೆಗಾಲದ ಕಡಲತೀರದ ನಡಿಗೆ ಮಾತ್ರ ಬೇಡವೇ ಬೇಡ. ಆಗಿನ ಅಲೆಗೆ ಬಂಡೆಯ ದಾರಿ ಯಾವುದೂ ಉಳಿಯುವುದಿಲ್ಲ.

ಇಂಬಳಕ್ಕಿಂತ ಗಮನ ಕೊಡಬೇಕಾದ್ದು ಉಣುಗು. ಡಿಸೆಂಬರ್‌ನಿಂದ ಮೇ ತನಕ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಕಾಡಂಚಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಇದು ಉಣುಗು ಕಚ್ಚಿ ಬರುವ ಜ್ವರ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು. ಟ್ರೆಕ್ಕಿಂಗ್ ಪೋಸ್ಟರುಗಳಲ್ಲಿ ಇದರ ಸುದ್ದಿ ಇರುವುದಿಲ್ಲ. ಆ ತಿಂಗಳುಗಳಲ್ಲಿ ಕಾಡುದಾರಿಗೆ ಹೋಗುವುದಾದರೆ ಹೋಮ್‌ಸ್ಟೇಯವರನ್ನು ಕೇಳಿ, ಸುತ್ತಮುತ್ತ ಮಂಗ ಸತ್ತಿದೆಯೇ, ಜ್ವರದ ಸುದ್ದಿ ಇದೆಯೇ ಎಂದು. ಇದ್ದರೆ ಜಾಗ ಬದಲಿಸಿ. ಇಲ್ಲದಿದ್ದರೂ ಮೈಮುಚ್ಚುವ ಬಟ್ಟೆ ಹಾಕಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳಿ. ತರಗೆಲೆಯ ಮೇಲೆ ಕೂರಬೇಡಿ. ಸಂಜೆ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಮೈಯೆಲ್ಲ ನೋಡಿಕೊಳ್ಳಿ. ವಾಪಸ್ ಬಂದ ಮೇಲೆ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರಿ ಎಂದು ಡಾಕ್ಟರಿಗೆ ತಪ್ಪದೆ ಹೇಳಿ.

ಬೇಸಿಗೆಯಲ್ಲಿ ಬಾದಾಮಿ, ಹಂಪಿಯ ಬಂಡೆಗಳು ಕಾವಲಿಯ ಹಾಗೆ ಕಾಯುತ್ತವೆ. ಮಾರ್ಚ್ ಬಂದ ಮೇಲೆ ಆ ಕಡೆ ಸೈಕಲ್ ಯೋಚನೆ ಬಿಡಿ. ಕಾಳ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಘಟ್ಟದ ಹಲವು ಚಾರಣ ದಾರಿಗಳನ್ನೂ ಬೇಸಿಗೆಯಲ್ಲಿ ಮುಚ್ಚುತ್ತದೆ.

ರಾತ್ರಿ ಎಲ್ಲಿ ಮಲಗುತ್ತೀರಿ

ಎರಡು ಬಗೆ ಇದೆ. ದಿನಕ್ಕೊಂದು ಊರು ದಾಟಿ ಮುಂದೆ ಮುಂದೆ ಹೋಗುವುದು ಒಂದು. ಒಂದೇ ಕಡೆ ನೆಲೆ ಮಾಡಿ ದಿನಕ್ಕೊಂದು ದಿಕ್ಕಿಗೆ ಹೋಗಿ ಬರುವುದು ಇನ್ನೊಂದು. ಮೊದಲ ಸಲ ಹೊರಡುವವರು, ಮಕ್ಕಳಿರುವವರು, ಹಿರಿಯರನ್ನು ಕರೆದೊಯ್ಯುವವರು ಎರಡನೆಯದನ್ನೇ ಹಿಡಿಯಲಿ. ಚೀಲ ಹೊರುವ ಕೆಲಸ ಇಲ್ಲ. ಯಾರಿಗಾದರೂ ಕಾಲು ನೋವು ಬಂದರೆ ಅವರು ಒಂದು ದಿನ ಮಲಗಿಕೊಂಡಿರಬಹುದು, ಉಳಿದವರ ರಜೆ ಕೆಡುವುದಿಲ್ಲ. ಚಿಕ್ಕಮಗಳೂರು, ಕೊಡಗು, ಶಿರಸಿಯ ಕಡೆಯ ಹೋಮ್‌ಸ್ಟೇಗಳು ಇದಕ್ಕೆ ಹೇಳಿ ಮಾಡಿಸಿದ್ದು. ತೋಟದ ದಾರಿ, ಗದ್ದೆಯ ಬದು, ಹತ್ತಿರದ ಗುಡ್ಡ, ಎಲ್ಲ ಮನೆಯವರೇ ತೋರಿಸುತ್ತಾರೆ. ಶಿಖರ ಹತ್ತಲೇಬೇಕು ಎಂಬ ಹಟ ಇಲ್ಲದಿದ್ದರೆ ಇದಕ್ಕಿಂತ ಸುಖದ ನಡಿಗೆ ಇಲ್ಲ.

ಮುಂದೆ ಮುಂದೆ ಹೋಗುವುದೇ ಇಷ್ಟ ಎಂದರೆ ಯುರೋಪಿನವರ ಒಂದು ಉಪಾಯ ಇದೆ. ಅಲ್ಲಿ ಡ್ಯಾನ್ಯೂಬ್ ನದಿಯ ಸೈಕಲ್ ದಾರಿಯಂಥ ಕಡೆ ದೊಡ್ಡ ಚೀಲವನ್ನು ಮುಂದಿನ ಊರಿಗೆ ವ್ಯಾನಿನಲ್ಲಿ ಕಳಿಸಿಬಿಡುತ್ತಾರೆ. ನಮ್ಮಲ್ಲಿ ಅದಕ್ಕೆಂದು ಕಂಪನಿ ಹುಡುಕಬೇಕಿಲ್ಲ. ತಂಗಿದ್ದ ಮನೆಯವರಿಗೆ ಹೇಳಿದರೆ ಗೊತ್ತಿರುವ ಆಟೋದವರು ಸಿಗುತ್ತಾರೆ. ಹದಿನೈದು ಕಿಲೋಮೀಟರ್ ದೂರಕ್ಕೆ ಚೀಲ ಕಳಿಸುವ ಬಾಡಿಗೆಯನ್ನು ನಾಲ್ಕು ಜನ ಹಂಚಿಕೊಂಡರೆ ಹೊರೆ ಅನ್ನಿಸುವುದಿಲ್ಲ.

ಹಳೆಯ ಲೇಖನ ಓದಿ ತಂಗುವ ಜಾಗ ಗೊತ್ತು ಮಾಡಬೇಡಿ. ಹಂಪಿಯ ಆಚೆ ದಡದ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ಕೋರ್ಟಿನ ಆದೇಶದ ಮೇಲೆ 2020ರಲ್ಲೇ ತೆರವು ಮಾಡಿದರು. ಅವನ್ನು ಹೊಗಳುವ ಬರಹಗಳು ಮಾತ್ರ ಇನ್ನೂ ಓಡಾಡುತ್ತಿವೆ. ಫೋನ್ ಮಾಡಿ, ಮನುಷ್ಯರ ದನಿ ಕೇಳಿದ ಮೇಲೆ ಹಣ ಕಳಿಸಿ.

ಈಗ ಊರು

ಮೂರು ಬೇರೆ ಬೇರೆ ಅಳತೆಗೆ ಮೂರು ದಾರಿ ಹೇಳುತ್ತೇನೆ.

ದಿನಕ್ಕೆ 12 ಕಿ.ಮೀ. ಆಸುಪಾಸು ನಡೆಯುವವರಿಗೆ ಕುಮಟಾದಿಂದ ಗೋಕರ್ಣದ ಕಡಲತೀರದ ದಾರಿ, ಎರಡು ದಿನ. ಕುಮಟಾಕ್ಕೆ ಕೊಂಕಣ ರೈಲು ಇದೆ. ಅಲ್ಲಿಂದ ವನ್ನಳ್ಳಿ, ಕಡ್ಲೆ, ಬಾಡ ತೀರಗಳನ್ನು ದಾಟಿ ಅಘನಾಶಿನಿ ಊರು ಸೇರುವುದು. ನದಿ ಸಮುದ್ರ ಸೇರುವ ಜಾಗ ಅದು. ಊರವರೇ ಓಡಾಡುವ ದೋಣಿಯಲ್ಲಿ ಆಚೆ ದಡದ ತದಡಿಗೆ ದಾಟಬೇಕು. ತದಡಿಯಿಂದ ಬೇಲೆಕಾನ್, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ, ಗೋಕರ್ಣ. ಮರಳು, ಬಂಡೆ, ಸಣ್ಣ ಗುಡ್ಡ, ಮತ್ತೆ ಮರಳು, ಹೀಗೇ ಸಾಗುತ್ತದೆ. ಏರು ಕಡಿಮೆ. ಆದರೆ ಒಣ ಮರಳಿನ ಒಂದು ಕಿಲೋಮೀಟರ್ ರಸ್ತೆಯ ಎರಡಕ್ಕೆ ಸಮ. ಅಲೆ ಇಳಿದಾಗಿನ ಒದ್ದೆ ಮರಳು ಗಟ್ಟಿ ಇರುತ್ತದೆ, ಅದರ ಮೇಲೆ ನಡೆಯಿರಿ.

ಅದಕ್ಕೆ ಕಡಲಿನ ಭರತ (ಉಬ್ಬರ), ಇಳಿತದ ಹೊತ್ತು ಗೊತ್ತಿರಬೇಕು. ದಿನಕ್ಕೆ ಎರಡು ಭರತ, ಎರಡು ಇಳಿತ. ಮರುದಿನ ಸುಮಾರು 50 ನಿಮಿಷ ತಡವಾಗುತ್ತದೆ. ಮೊಬೈಲಿನಲ್ಲೇ ಪಟ್ಟಿ ಸಿಗುತ್ತದೆ, ಮೀನುಗಾರರನ್ನು ಕೇಳಿದರೆ ಇನ್ನೂ ಒಳ್ಳೆಯದು. ಭರತದ ಹೊತ್ತಿನಲ್ಲಿ ಬಂಡೆ ಬಳಸಿ ಹೋಗುವ ಸಾಹಸ ಬೇಡ, ಗುಡ್ಡದ ಮೇಲಿನ ಕಾಲುದಾರಿ ಹಿಡಿಯಿರಿ. ಡಿಸೆಂಬರ್‌ನಲ್ಲಿ ಸೂರ್ಯ ಹುಟ್ಟುವುದೇ ಏಳರ ಹತ್ತಿರ, ಆರು ಗಂಟೆ ದಾಟಿತೆಂದರೆ ಮುಳುಗುತ್ತಾನೆ. ಮಧ್ಯಾಹ್ನದ ಮೂರು ತಾಸು ಎಲ್ಲಾದರೂ ಮಾವಿನ ಮರದ ಕೆಳಗೆ ಕಳೆಯಬೇಕು. ಸಮಯ ಉಳಿದರೆ ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನ ಆಗರ ನೋಡಿ ಬನ್ನಿ.

ದಿನಕ್ಕೆ 30 ಕಿ.ಮೀ. ಸೈಕಲ್ ಸಾಕು ಎನ್ನುವವರು ಉಡುಪಿ ಅಥವಾ ಮಲ್ಪೆಯಲ್ಲಿ ನೆಲೆ ಮಾಡಿ. ಒಂದು ದಿನ ದಕ್ಷಿಣಕ್ಕೆ ಹೋಗುವುದು. ಮಲ್ಪೆ ಬಂದರಿನ ಪಕ್ಕದ ಸೇತುವೆ ದಾಟಿದರೆ ಪಡುಕೆರೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ, ನಡುವೆ ತೆಂಗಿನ ತೋಟ, ಮನೆಗಳು, ಸಪೂರ ರಸ್ತೆ. ಮುಂದೆ ಮಟ್ಟು. ಮಟ್ಟುಗುಳ್ಳದ ಬದನೆ ಗದ್ದೆಗಳಿರುವ ಊರು. ಅಲ್ಲಿಂದ ಕಾಪು, 1901ರಲ್ಲಿ ಕಟ್ಟಿದ ದೀಪಸ್ತಂಭ. ಹೋಗುವುದು 15 ಕಿ.ಮೀ. ಆಸುಪಾಸು, ಬರುವುದು ಅಷ್ಟೇ. ಮರುದಿನ ಉತ್ತರಕ್ಕೆ ಹೂಡೆ ದಾಟಿ ಕೋಡಿ ಬೆಂಗ್ರೆ. ಸೀತಾ, ಸ್ವರ್ಣಾ ನದಿಗಳು ಕಡಲು ಸೇರುವ ತುದಿ. ಎರಡೂ ದಿನ ಹೆದ್ದಾರಿಯ ಮುಖ ನೋಡಬೇಕಿಲ್ಲ. ಇದು ಮುಖ್ಯ, ಯಾಕೆಂದರೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಲಾರಿಗಳ ವೇಗಕ್ಕೆ ಸೈಕಲ್ ಸವಾರರು ಹೆದರಿಯೇ ಸುಸ್ತಾಗುತ್ತಾರೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ಹೊಳೆ ಇರುವ ನೋಟಕ್ಕೆ ಆಸೆಪಟ್ಟು ಸೈಕಲ್ ಒಯ್ಯುವವರಿದ್ದಾರೆ. ಅದನ್ನು ಬಸ್ಸಿನ ಕಿಟಕಿಯಿಂದ ನೋಡಿದರೂ ಸಾಕು ಎನ್ನುವುದು ನನ್ನ ಅಭಿಪ್ರಾಯ.

ಕರಾವಳಿಯಲ್ಲಿ ಉದ್ದಕ್ಕೆ ಹೋಗುವ ಆಸೆ ಇದ್ದರೆ ಉತ್ತರದಿಂದ ದಕ್ಷಿಣಕ್ಕೆ ಬನ್ನಿ. ಚಳಿಗಾಲದ ಮಧ್ಯಾಹ್ನದ ಗಾಳಿ ಹೆಚ್ಚಾಗಿ ವಾಯವ್ಯದಿಂದ ಬೀಸುತ್ತದೆ. ಮಂಗಳೂರಿನಿಂದ ಕಾರವಾರಕ್ಕೆ ಹೊರಟವರ ಎದೆಗೆ ಬಡಿಯುವ ಗಾಳಿ, ಕಾರವಾರದಿಂದ ಮಂಗಳೂರಿಗೆ ಬರುವವರ ಬೆನ್ನು ತಳ್ಳುತ್ತದೆ.

ದಿನಕ್ಕೆ 50 ಕಿ.ಮೀ. ತುಳಿಯುವವರಿಗೆ ಬಾದಾಮಿ. ರೈಲು ನಿಲ್ದಾಣ ಊರಿನಿಂದ ಸುಮಾರು 5 ಕಿ.ಮೀ. ದೂರ, ಹಾಗಾಗಿ ಸೈಕಲ್ ಇದ್ದವರಿಗೆ ಆಟೋ ಚೌಕಾಸಿಯೂ ಇಲ್ಲ. ಮೊದಲ ದಿನ ಗುಹೆಗಳು, ಅಗಸ್ತ್ಯ ತೀರ್ಥ, ಸಂಜೆ ಮುಂಚೆ 5 ಕಿ.ಮೀ. ದೂರದ ಬನಶಂಕರಿ. ಅಲ್ಲಿ ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಲ್ಯ, ಮೊಸರು ಇಟ್ಟುಕೊಂಡು ಹೆಂಗಸರು ಕೂತಿರುತ್ತಾರೆ. ತಿಂದವರಿಗೆ ರಾತ್ರಿ ಊಟ ಬೇಡ. ಎರಡನೇ ದಿನ ಮಹಾಕೂಟದ ಮೇಲೆ ಪಟ್ಟದಕಲ್ಲಿಗೆ ಹೋಗಿ, ನೇರ ದಾರಿಯಲ್ಲಿ 22 ಕಿ.ಮೀ. ವಾಪಸ್. ಮಹಾಕೂಟದ ಹೊಂಡದ ನೀರು ನಡು ಮಧ್ಯಾಹ್ನವೂ ತಂಪು. ಐಹೊಳೆಯನ್ನೂ ಅದೇ ದಿನಕ್ಕೆ ಸೇರಿಸಿದರೆ ಲೆಕ್ಕ 70 ಕಿ.ಮೀ. ಮುಟ್ಟುತ್ತದೆ. ಅದನ್ನು ಮೂರನೇ ದಿನಕ್ಕಿಟ್ಟು ಬಸ್ಸಿನಲ್ಲಿ ಹೋಗಿಬನ್ನಿ. ಚಳಿಗಾಲ ಕಬ್ಬಿನ ಕಾಲ. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರು ಹಿಂದಿನಿಂದ ಬಂದರೆ ಸುಮ್ನೆ ರಸ್ತೆ ಬಿಟ್ಟು ಇಳಿದುಬಿಡಿ. ನಡೆಯುವವರಿಗೆ ಬಾದಾಮಿಯಿಂದ ಗುಡ್ಡ ದಾಟಿ ಮಹಾಕೂಟಕ್ಕೆ ಹಳೆಯ ಕಾಲುದಾರಿಯೂ ಇದೆ. ಕೋತಿಗಳ ಕಣ್ಣು ಚೀಲದ ಮೇಲೇ ಇರುತ್ತದೆ, ಪ್ಲಾಸ್ಟಿಕ್ ಕವರ್ ಕೈಯಲ್ಲಿ ಹಿಡಿದು ನಡೆಯಬೇಡಿ.

ಮೈಸೂರಿನಿಂದ ಬಂಡೀಪುರದ ಮೂಲಕ ಊಟಿಗೆ ಸೈಕಲ್‌ನಲ್ಲಿ ಹೋಗುವ ಕನಸು ಕೆಲವರಿಗಿದೆ. ಅದನ್ನು ಬಿಡಿ. ಅದು ಆನೆ, ಹುಲಿಗಳ ಕಾಡು. ರಾತ್ರಿ ವಾಹನಗಳಿಗೇ ಅಲ್ಲಿ ಪ್ರವೇಶ ಇಲ್ಲ.

ಚೀಟಿ, ಅನುಮತಿ

ಅರಣ್ಯ ಇಲಾಖೆಯ ಚಾರಣ ದಾರಿಗಳಿಗೆ ಸುಮ್ಮನೆ ಹೋಗಿ ನಿಲ್ಲುವ ಹಾಗಿಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಂದೇ ವಾರಾಂತ್ಯ ಜನ ಜಾತ್ರೆಯಂತೆ ನುಗ್ಗಿದ ಮೇಲೆ ನಿಯಮ ಬಿಗಿಯಾಯಿತು. ಈಗ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮೊದಲೇ ಟಿಕೆಟ್ ತೆಗೆಯಬೇಕು, ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ. ಕುದುರೆಮುಖದಂಥ ಕಡೆ ಶನಿವಾರ, ಭಾನುವಾರದ ಟಿಕೆಟ್ ಬೇಗ ಮುಗಿಯುತ್ತದೆ. ಆಗುವುದಾದರೆ ಮಂಗಳವಾರ, ಬುಧವಾರ ಹೋಗಿ. ದಾರಿಯೂ ಖಾಲಿ, ಹೋಮ್‌ಸ್ಟೇಯೂ ಖಾಲಿ. ಟಿಕೆಟ್ ತೆಗೆದ ಗುರುತಿನ ಚೀಟಿಯನ್ನೇ ಒಯ್ಯಿರಿ. ಚೆಕ್‌ಪೋಸ್ಟಿನಲ್ಲಿ ಪ್ಲಾಸ್ಟಿಕ್ ಹುಡುಕುತ್ತಾರೆ, ಸ್ಟೀಲ್ ಬಾಟಲಿ ಇರಲಿ.

ಸೈಕಲ್ ಒಯ್ಯುವುದೋ, ಅಲ್ಲೇ ಬಾಡಿಗೆ ಹಿಡಿಯುವುದೋ

ರೈಲಿನಲ್ಲಿ ಸೈಕಲ್ಲನ್ನು ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಿ ಬ್ರೇಕ್ ವ್ಯಾನಿಗೆ, ಅಂದರೆ ಸಾಮಾನಿನ ಬೋಗಿಗೆ, ಹಾಕಿಸಬೇಕು. ತೊಡಕು ಇಳಿಸುವಾಗ ಬರುತ್ತದೆ. ಸಣ್ಣ ನಿಲ್ದಾಣದಲ್ಲಿ ರೈಲು ನಿಲ್ಲುವುದು ಎರಡು ನಿಮಿಷ. ಅಷ್ಟರಲ್ಲಿ ನೀವು ಇಳಿದಿರುತ್ತೀರಿ, ಸೈಕಲ್ ಮುಂದಿನ ಊರಿಗೆ ಹೋಗಿರುತ್ತದೆ! ಹೆಚ್ಚು ಹೊತ್ತು ನಿಲ್ಲುವ ದೊಡ್ಡ ನಿಲ್ದಾಣಕ್ಕೆ ಮಾತ್ರ ಬುಕ್ ಮಾಡಿ, ಅಲ್ಲಿಂದ ತುಳಿಯಿರಿ. ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಮುಂದಿನ ಚಕ್ರ ಬಿಚ್ಚಿ ಮಲಗಿಸಿದರೆ ಹಿಡಿಯುತ್ತದೆ. ಆದರೆ ಹತ್ತುವ ಹೊತ್ತಿಗೆ ವಾದ ಮಾಡುವ ಬದಲು ಟಿಕೆಟ್ ತೆಗೆಯುವಾಗಲೇ ಕೇಳಿ. ಗೇರ್ ಇರುವ ಬದಿ ಮೇಲಕ್ಕಿರಲಿ.

ಹಂಪಿಯಂಥ ಕಡೆ ಬಾಡಿಗೆಗೆ ಸಿಗುತ್ತವೆ. ತೆಗೆದುಕೊಳ್ಳುವಾಗ ಎರಡೂ ಬ್ರೇಕ್ ಹಿಡಿದು ಮುಂದೆ ತಳ್ಳಿ ನೋಡಿ, ಚಕ್ರ ಎತ್ತಿ ತಿರುಗಿಸಿ ಅಲುಗಾಡುತ್ತದೆಯೇ ನೋಡಿ. ಸೀಟಿನ ಎತ್ತರ ಸರಿ ಮಾಡಿಸಿಕೊಳ್ಳದೆ ಅಂಗಡಿ ಬಿಡಬೇಡಿ. ಪೆಡಲ್ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೇರ ಆಗಬೇಕು. ಸೀಟು ಕೆಳಗಿದ್ದರೆ ಎರಡನೇ ದಿನಕ್ಕೇ ಮಂಡಿ ನೋಯುತ್ತದೆ.

ಸ್ವಂತ ಸೈಕಲ್ ಒಯ್ಯುವವರು ಟ್ಯೂಬಿನ ವಾಲ್ವ್ ಯಾವುದೆಂದು ಈಗಲೇ ನೋಡಿಕೊಳ್ಳಿ. ದಪ್ಪ ಶ್ರೇಡರ್ ವಾಲ್ವ್ ಆದರೆ ಬೈಕಿಗೆ ಗಾಳಿ ಹಾಕುವ ಯಾವ ಅಂಗಡಿಯಲ್ಲಾದರೂ ನಡೆಯುತ್ತದೆ. ಸಪೂರ ಪ್ರೆಸ್ಟಾ ವಾಲ್ವ್ ಆದರೆ ಹಳ್ಳಿಯ ಪಂಪು ಕೂರುವುದಿಲ್ಲ. ಅದಕ್ಕೊಂದು ಹಿತ್ತಾಳೆಯ ಅಡಾಪ್ಟರ್ ಬರುತ್ತದೆ, ಎರಡು ಕೊಂಡು ಒಂದನ್ನು ವಾಲ್ವಿಗೇ ಹಾಕಿಡಿ. ಎರಡು ಟ್ಯೂಬು, ಪಂಕ್ಚರ್ ಕಿಟ್, ಸಣ್ಣ ಪಂಪು, ಅಲೆನ್ ಕೀ ಜೊತೆಗಿರಲಿ. ಹಳ್ಳಿಯ ಸೈಕಲ್ ಶಾಪಿನವರು ಪಂಕ್ಚರ್‌ನಲ್ಲಿ ನಮಗಿಂತ ನಿಪುಣರು. ಗೇರ್ ಕೇಬಲ್ ಮಾತ್ರ ಅವರ ಹತ್ತಿರ ಇರುವುದಿಲ್ಲ.

ಘಾಟಿ ಇಳಿಯುವುದಿದ್ದರೆ ಬ್ರೇಕ್ ಶೂ ಹೊಸದಿರಲಿ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಬ್ರೇಕ್ ಒತ್ತಿಯೇ ಹಿಡಿದರೆ ರಿಮ್ ಕಾಯುತ್ತದೆ. ಒತ್ತಿ, ಬಿಟ್ಟು, ಮತ್ತೆ ಒತ್ತಿ. ನಡುನಡುವೆ ನಿಲ್ಲಿ.

ಚೀಲ ಮತ್ತು ಕಾಲು

ಹೊಸ ಶೂ ಹಾಕಿಕೊಂಡು ರಜೆಗೆ ಹೋಗಬೇಡಿ. ಎರಡು ದಿನದ ಪರೀಕ್ಷೆಯಲ್ಲಿ ಹಾಕಿದ ಶೂ, ಅದೇ ಕಾಲುಚೀಲ. ಪಾದದಲ್ಲಿ ಎಲ್ಲಿ ಉರಿ ಶುರುವಾಯಿತೋ ಅಲ್ಲೇ ಕೂತು ಟೇಪ್ ಹಚ್ಚಿ. ಬೊಬ್ಬೆ ಎದ್ದ ಮೇಲೆ ಹಚ್ಚಿ ಪ್ರಯೋಜನ ಕಡಿಮೆ.

ದಿನದ ಚೀಲ 5 ಕಿಲೋ ದಾಟದಿರಲಿ, ಅದರಲ್ಲಿ ಎರಡು ಕಿಲೋ ನೀರೇ ಇರುತ್ತದೆ. ಒಂದು ಜೊತೆ ಬಟ್ಟೆ ಮೈಮೇಲೆ, ಒಂದು ಚೀಲದಲ್ಲಿ. ಟವೆಲ್ ಬದಲು ಪಂಚೆ ಅಥವಾ ತೆಳು ಹತ್ತಿ ಬಟ್ಟೆ ಒಯ್ದರೆ ಬೇಗ ಒಣಗುತ್ತದೆ, ಬಿಸಿಲಿಗೆ ತಲೆಗೂ ಆಗುತ್ತದೆ. ತಿನ್ನಲು ಕಡಲೆ ಮಿಠಾಯಿ, ಖರ್ಜೂರ, ಬಾಳೆಹಣ್ಣು. ಓಆರ್‌ಎಸ್ ಪುಡಿ ನಾಲ್ಕು ಪೊಟ್ಟಣ. ಬೆವರು ಸುರಿಯುವ ಕರಾವಳಿಯಲ್ಲಿ ಬರೀ ನೀರು ಕುಡಿದರೆ ಸಾಲದು, ಉಪ್ಪೂ ಬೇಕು. ಉಪ್ಪು ಹಾಕಿದ ಮಜ್ಜಿಗೆ ಸಿಕ್ಕಲ್ಲೆಲ್ಲ ಕುಡಿಯಿರಿ.

ಶೌಚಾಲಯದ ಮಾತನ್ನು ಯೋಜನೆ ಹಾಕುವವರು ಮರೆಯುತ್ತಾರೆ, ಗಂಡಸರು ಹಾಕಿದರಂತೂ ಇನ್ನೂ ಜಾಸ್ತಿ. ಹೆಂಗಸರಿಗೆ ಇದೇ ದಿನದ ದೊಡ್ಡ ಚಿಂತೆ. ನೀರು ಕಡಿಮೆ ಕುಡಿದು ಸಂಜೆ ತಲೆ ತಿರುಗಿ ಕೂರುವುದಕ್ಕೆ ಇದೇ ಕಾರಣ. ದಾರಿಯ ನಕ್ಷೆಯಲ್ಲಿ ಪೆಟ್ರೋಲ್ ಬಂಕ್, ಬಸ್ ನಿಲ್ದಾಣ, ದೊಡ್ಡ ದೇವಸ್ಥಾನ, ಹೋಟೆಲುಗಳನ್ನು ಮೊದಲೇ ಗುರುತು ಮಾಡಿ, ಎರಡು ಗಂಟೆಗೊಮ್ಮೆ ಒಂದಾದರೂ ಸಿಗುವ ಹಾಗೆ ದಿನವನ್ನು ಜೋಡಿಸಿ.

ಹೊರಡುವ ಹಿಂದಿನ ದಿನ

ಪ್ರತಿ ದಿನದ ದಾರಿಗೂ ಅರ್ಧದಲ್ಲಿ ಬಿಟ್ಟು ಹೊರಬರುವ ಒಂದು ಜಾಗ ಗುರುತಿಸಿಡಿ. ಕುಮಟಾ ದಾರಿಯಲ್ಲಿ ಬಾಡ, ಮಟ್ಟು ದಾರಿಯಲ್ಲಿ ಹೆದ್ದಾರಿಗೆ ಹೋಗುವ ಅಡ್ಡರಸ್ತೆಗಳು, ಹೀಗೆ. ಬಸ್ಸು ಅಥವಾ ಆಟೋ ಸಿಗುವ ಜಾಗ ಆಗಿರಬೇಕು. ಮಧ್ಯಾಹ್ನ ಎರಡು ಗಂಟೆಗೆ ಅರ್ಧ ದಾರಿ ಆಗದಿದ್ದರೆ ಅಲ್ಲಿಂದ ಬಸ್ ಹತ್ತುವುದು ಎಂದು ಎಲ್ಲರೂ ಹಿಂದಿನ ರಾತ್ರಿಯೇ ಒಪ್ಪಿಕೊಳ್ಳಿ. ಸುಸ್ತಾದ ಮೇಲೆ ಆಗುವ ಚರ್ಚೆ ಜಗಳದಲ್ಲೇ ಮುಗಿಯುತ್ತದೆ.

ನಕ್ಷೆಯನ್ನು ಮೊಬೈಲಿಗೆ ಇಳಿಸಿಕೊಳ್ಳಿ. ಮಲೆನಾಡಿನ ಎಷ್ಟೋ ಕಡೆ ಬಿಎಸ್‌ಎನ್‌ಎಲ್ ಬಿಟ್ಟರೆ ಬೇರೆ ಸಿಗ್ನಲ್ ಇಲ್ಲ. ಸಿಗ್ನಲ್ ಇಲ್ಲದ ಕಡೆ ಯುಪಿಐ ಕೂಡ ಇಲ್ಲ, ಹತ್ತು, ಇಪ್ಪತ್ತು, ನೂರರ ನೋಟು ಇರಲಿ. ತುರ್ತಿಗೆ 112. ಯಾವ ದಿನ ಎಲ್ಲಿ, ಯಾರ ಮನೆಯಲ್ಲಿ ತಂಗುತ್ತೀರಿ ಎಂದು ಒಂದು ಹಾಳೆ ಬರೆದು ಮನೆಯಲ್ಲಿ ಕೊಟ್ಟು ಹೊರಡಿ.

ಕೊನೆಗೆ ಎರಡು ಫೋನ್. ತಂಗುವ ಮನೆಗೆ ಒಂದು: ಬರುತ್ತಿದ್ದೇವೆ, ಇಷ್ಟು ಜನ, ರಾತ್ರಿ ಊಟ ಬೇಕು. ಸಣ್ಣ ಊರುಗಳಲ್ಲಿ ಎಂಟು ಗಂಟೆಗೆ ಹೋಟೆಲ್ ಬಾಗಿಲು ಹಾಕುತ್ತದೆ, ಹೇಳದೆ ಹೋದರೆ ಬಿಸ್ಕತ್ತೇ ಗತಿ. ಇನ್ನೊಂದು ಫೋನ್ ದೋಣಿ ದಾಟುವ ಊರಿನಲ್ಲಿ ಗೊತ್ತಿರುವವರಿಗೆ, ಕೊನೆಯ ದೋಣಿ ಎಷ್ಟು ಗಂಟೆಗೆ ಎಂದು ಕೇಳಲು. ತದಡಿಗೆ ದಾಟುವವರು ಆ ಹೊತ್ತಿಗಿಂತ ಒಂದು ಗಂಟೆ ಮೊದಲೇ ಅಘನಾಶಿನಿ ಮುಟ್ಟುವ ಹಾಗೆ ಬೆಳಗಿನ ಅಲಾರಾಂ ಇಡಿ.